ಮೂವತ್ತಾರು ಕಾಲಿನ ಸಂಸಾರ

1970ರ ದಶಕದ ಶಾಂಘೈಯಲ್ಲಿ ಹೆಣ್ಣು ಹೆತ್ತವರು ಗಂಡಿನ ಯೋಗ್ಯತೆಯನ್ನು ಕಾಲು ಎಣಿಸಿ ಅಳೆಯುತ್ತಿದ್ದರು. ಗಂಡಿನ ಕಾಲಲ್ಲ, ಅವನು ಹೊಂದಿಸಿಟ್ಟ ಪೀಠೋಪಕರಣಗಳ ಕಾಲು. ‘36 ಕಾಲು’ ಇದೆಯೆಂದರೆ ಮಾತುಕತೆ ಮುಂದುವರಿಸಬಹುದು. ಮಂಚಕ್ಕೆ 4, ಬಟ್ಟೆ ಬೀರುವಿಗೆ 4, ಐದು ಖಾನೆಯ ಡ್ರಾಯರ್ ಪೆಟ್ಟಿಗೆಗೆ 4, ತಲೆದಿಂಬಿನ ಪಕ್ಕದ ಪುಟ್ಟ ಮೇಜಿಗೆ 4, ಊಟದ ಚೌಕ ಮೇಜಿಗೆ 4; ಅಲ್ಲಿಗೆ 20 ಆಯಿತು. ನಾಲ್ಕು ಕುರ್ಚಿಗಳ 16 ಕೂಡಿಸಿದರೆ ಸರಿಯಾಗಿ 36. ಇದರ ಮೇಲೆ ‘ಮೂರು ತಿರುಗಬೇಕು, ಒಂದು ಸದ್ದು ಮಾಡಬೇಕು’ ಎಂಬ ಇನ್ನೊಂದು ಷರತ್ತು. ಸೈಕಲ್, ಹೊಲಿಗೆ ಯಂತ್ರ, ಕೈಗಡಿಯಾರ ತಿರುಗುವವು. ರೇಡಿಯೊ ಸದ್ದು ಮಾಡುವುದು. ಪೀಠೋಪಕರಣಕ್ಕೂ ಪಡಿತರ ಚೀಟಿ ಬೇಕಾಗಿದ್ದ ಕಾಲ ಅದು. ಚೀಟಿ ಸಿಗದ ಮದುಮಗ ಎಲ್ಲೆಲ್ಲಿಂದಲೋ ಹಲಗೆ, ರೀಪು ಹೊಂಚಿಕೊಂಡು ಗೆಳೆಯರನ್ನು ಕೂಡಿಸಿ ತಾನೇ ಗರಗಸ ಹಿಡಿಯುತ್ತಿದ್ದ.

ತಮಾಷೆ ಇರುವುದು ಈ ಪಟ್ಟಿಯ ಒಳಗೆ. ಸಾಂಸ್ಕೃತಿಕ ಕ್ರಾಂತಿಯ ಆ ವರ್ಷಗಳಲ್ಲಿ ಪಶ್ಚಿಮದ ವಾಸನೆ ಬಂದರೆ ಸಾಕು, ಬೂರ್ಜ್ವಾ ಎಂಬ ಹಣೆಪಟ್ಟಿ ಬೀಳುತ್ತಿತ್ತು. ಆದರೆ ಈ 36 ಕಾಲುಗಳಲ್ಲಿ 12 ಕಾಲುಗಳಂತೂ ಯುರೋಪಿನಿಂದಲೇ ನಡೆದು ಬಂದವು. ಹಳೆಯ ಚೀನೀ ಮನೆಗಳಲ್ಲಿ ನಿಲುವಂಗಿಗಳನ್ನು ಮಡಚಿ ಪೆಟ್ಟಿಗೆಯಲ್ಲೋ ಕಪಾಟಿನಲ್ಲೋ ಅಡ್ಡಡ್ಡ ಒಟ್ಟುತ್ತಿದ್ದರು. ಬಟ್ಟೆಯನ್ನು ಹ್ಯಾಂಗರಿಗೆ ನೇತುಹಾಕುವ ಕನ್ನಡಿ ಬಾಗಿಲಿನ ಬೀರು ಕೋಟು, ಪ್ಯಾಂಟಿನ ಜೊತೆಗೆ ಹಡಗು ಇಳಿದದ್ದು. ಐದು ಖಾನೆಯ ಪೆಟ್ಟಿಗೆಯೂ ಅದೇ ಹಡಗಿನದು, ಮಂಚದ ಪಕ್ಕದ ಪುಟ್ಟ ಮೇಜೂ ಅದೇ ಹಡಗಿನದು. ಚೌಕ ಮೇಜೊಂದು ಅಪ್ಪಟ ಚೀನೀ. ಬೀಗರು ಅದನ್ನೆಲ್ಲ ಕೆದಕಲಿಲ್ಲ; ಕಾಲು ಲೆಕ್ಕ ಸರಿಬಂದರೆ ಆಯಿತು.

ಚೀನಾ ಮತ್ತು ಪಶ್ಚಿಮದ ಬೆರಕೆ ಎಂದಕೂಡಲೇ ಒಳಾಂಗಣ ವಿನ್ಯಾಸದ ನುಣುಪು ಕಾಗದದ ಪತ್ರಿಕೆಗಳು ತೋರಿಸುವುದು ಒಂದೇ ಚಿತ್ರ. ಬಿಳಿ ಸೋಫಾ, ಅದರ ಬೆನ್ನಿಗೆ ಕೆಂಪು ತಡಿಕೆ, ಮೂಲೆಯಲ್ಲಿ ನೀಲಿ ಬಿಳಿ ಹೂದಾನಿ, ದೇಹವಿಲ್ಲದ ಒಬ್ಬ ಬುದ್ಧ. ಅದನ್ನು ಬೆರಕೆ ಎನ್ನುವುದಕ್ಕಿಂತ ವೇಷ ಎನ್ನುವುದು ವಾಸಿ. ನಿಜವಾದ ಬೆರಕೆ ನಡೆದದ್ದು ಬೀರುವಿನೊಳಗೆ, ಬಚ್ಚಲಲ್ಲಿ, ಒಗ್ಗರಣೆಯ ಹೊಗೆಯಲ್ಲಿ, ಕೂತವರ ಬೆನ್ನುಮೂಳೆಯಲ್ಲಿ. ಅದು ಫೋಟೊಕ್ಕೆ ಅಷ್ಟು ಚೆನ್ನಾಗಿ ಬೀಳುವುದಿಲ್ಲ ಅಷ್ಟೆ.

ಶಾಂಘೈಯ ಮನೆಗಳೇ ಇದಕ್ಕೆ ಸಾಕ್ಷಿ. ಮೊದಲನೆಯ ಅಫೀಮು ಯುದ್ಧದಲ್ಲಿ ಸೋತ ಚೀನಾ 1842ರ ನಾನ್‌ಜಿಂಗ್ ಒಪ್ಪಂದಕ್ಕೆ ಸಹಿ ಹಾಕಿತು. ಮರುವರ್ಷ ಶಾಂಘೈ ಬಂದರು ವಿದೇಶೀಯರಿಗೆ ತೆರೆಯಿತು. ಬ್ರಿಟಿಷರು ಒಂದು ಭಾಗ, ಫ್ರೆಂಚರು ಒಂದು ಭಾಗ ಹಿಡಿದುಕೊಂಡು ತಮ್ಮ ತಮ್ಮ ಊರು ಕಟ್ಟಿಕೊಂಡರು. ಒಳನಾಡಿನಲ್ಲಿ ತೈಪಿಂಗ್ ದಂಗೆ ಎದ್ದು ಸಾವಿರಾರು ಕುಟುಂಬಗಳು ಜೀವ ಉಳಿಸಿಕೊಳ್ಳಲು ಈ ವಿದೇಶಿ ಬಡಾವಣೆಗಳಿಗೆ ಓಡಿಬಂದಾಗ ವ್ಯಾಪಾರಿಗಳಿಗೆ ಬಾಡಿಗೆಯ ರುಚಿ ಹತ್ತಿತು. ಇಂಗ್ಲೆಂಡಿನ ಗಿರಣಿ ಊರುಗಳಲ್ಲಿದ್ದಂತೆ ಗೋಡೆಗೆ ಗೋಡೆ ಅಂಟಿಸಿ ಸಾಲುಮನೆ ಕಟ್ಟಿದರು. ಆದರೆ ಬಾಡಿಗೆಗೆ ಬರುವವನು ಚೀನೀ ಗೃಹಸ್ಥ; ಅವನಿಗೆ ಅಂಗಳವಿಲ್ಲದ ಮನೆ ಮನೆಯೇ ಅಲ್ಲ. ಹಾಗಾಗಿ ಪ್ರತಿ ಮನೆಯ ಮುಂದೂ ಆಕಾಶಕ್ಕೆ ತೆರೆದ ಒಂದು ಪುಟ್ಟ ತೊಟ್ಟಿ, ಅದರಾಚೆ ಪಡಸಾಲೆ, ಹಿಂದೆ ಅಡುಗೆಮನೆ. ಬೀದಿಯ ಕಡೆಗೆ ಕಲ್ಲಿನ ಚೌಕಟ್ಟಿನ, ಕಪ್ಪು ಬಣ್ಣ ಬಳಿದ ಭಾರಿ ಜೋಡಿ ಬಾಗಿಲು. ಇವೇ ‘ಶಿಕುಮೆನ್’ ಮನೆಗಳು. ಶಾಂಘೈಯ ಬಹುಪಾಲು ಜನ ಒಂದು ಕಾಲಕ್ಕೆ ಇಂಥ ಓಣಿಮನೆಗಳಲ್ಲೇ ಬಾಳಿದರು.

ಈ ಮನೆಗಳಲ್ಲಿ ಅಡುಗೆಮನೆಯ ನೆತ್ತಿಯ ಮೇಲೆ, ಮೆಟ್ಟಿಲಿನ ಅರ್ಧ ತಿರುವಿನಲ್ಲಿ, ಉತ್ತರಕ್ಕೆ ಮುಖ ಮಾಡಿದ ಒಂದು ಕೋಣೆ ಇರುತ್ತದೆ. ಕೆಳಗಿನಿಂದ ಒಲೆಯ ಕಾವು, ಮೇಲಿನಿಂದ ಬಿಸಿಲು ಕಾದ ತಾರಸಿ, ಚಳಿಗಾಲದಲ್ಲಿ ಉತ್ತರದ ಗಾಳಿ. ಯಾರಿಗೂ ಬೇಡವಾದ್ದರಿಂದ ಬಾಡಿಗೆ ಕಡಿಮೆ. ಬಾಡಿಗೆ ಕಡಿಮೆಯಾದ್ದರಿಂದ 1930ರ ದಶಕದ ಎಷ್ಟೋ ಚೀನೀ ಸಾಹಿತಿಗಳು ಅಲ್ಲೇ ಗಂಟು ಇಳಿಸಿದರು. ಇಂಗ್ಲಿಷ್ ಮನೆಯಲ್ಲೂ ಇಲ್ಲದ, ಚೀನೀ ಮನೆಯಲ್ಲೂ ಇಲ್ಲದ ಕೋಣೆ ಅದು. ಎರಡು ನಕ್ಷೆಗಳನ್ನು ಒಂದೇ ಇಕ್ಕಟ್ಟಿನ ನಿವೇಶನದಲ್ಲಿ ತುರುಕಿದಾಗ ನಡುವೆ ಹುಟ್ಟಿಕೊಂಡದ್ದು. ಶಾಂಘೈಯ ವಾಸ್ತುಶಿಲ್ಪಿ ಜೋಡಿ ಲಿಂಡನ್ ನೇರಿ ಮತ್ತು ರೊಸಾನಾ ಹೂ 2012ರಲ್ಲಿ ತ್ಯಾನ್‌ಜಿಫಾಂಗ್ ಎಂಬಲ್ಲಿ ಒಂದು ಹಳೆಯ ಓಣಿಮನೆಯನ್ನು ನವೀಕರಿಸಿದಾಗ ಉಳಿಸಿಕೊಳ್ಳಬೇಕೆಂದು ಹಟ ಹಿಡಿದದ್ದು ಹಂಚಿನ ಅಲಂಕಾರವನ್ನಲ್ಲ, ಈ ಅರ್ಧರ್ಧ ಮಹಡಿಯ ಏರಿಳಿತವನ್ನು. ಸರಿಯಾದ ಕಡೆಗೇ ಕಣ್ಣು ಹಾಕಿದರು ಎನ್ನಬೇಕು.

ಅಪಾರ್ಟ್‌ಮೆಂಟ್ ಎಂಬುದು ಶಾಂಘೈಗೆ ಬಂದದ್ದು 1920ರ ದಶಕದಲ್ಲಿ, ಮತ್ತು ಅದರ ಹಣದಲ್ಲಿ ಒಂದಷ್ಟು ಹೋದದ್ದು ಮುಂಬಯಿಯಿಂದ. ಬಾಗ್ದಾದಿನಿಂದ ಮುಂಬಯಿಗೆ ಬಂದು ಅಫೀಮು, ಹತ್ತಿ, ಬಟ್ಟೆ ಗಿರಣಿಗಳಲ್ಲಿ ದುಡಿದ ಸಸೂನ್ ಮನೆತನದ ವಿಕ್ಟರ್ ಸಸೂನ್ ತನ್ನ ಬಂಡವಾಳವನ್ನು ಆ ದಶಕದಲ್ಲಿ ಶಾಂಘೈಗೆ ಎತ್ತಿಕೊಂಡು ಹೋದ. 1929ರಲ್ಲಿ ಹೊಳೆಯ ದಂಡೆಯಲ್ಲಿ ಅವನ ಕ್ಯಾಥೆ ಹೋಟೆಲ್ ಎದ್ದಿತು. ಅದರಲ್ಲಿ ದೇಶಕ್ಕೊಂದರಂತೆ ಅಲಂಕರಿಸಿದ ಕೋಣೆಗಳು: ಇಂಗ್ಲಿಷ್, ಫ್ರೆಂಚ್, ಜಪಾನಿ, ಭಾರತೀಯ, ಜೊತೆಗೊಂದು ಚೀನೀ. ಚೀನಾದಲ್ಲೇ ಇರುವ ಹೋಟೆಲಿನಲ್ಲಿ ಚೀನೀ ಕೋಣೆ ಎಂಬುದೊಂದು ಪ್ರತ್ಯೇಕ ಆಕರ್ಷಣೆ! ವೇಷದ ಕತೆ ಬಹುಶಃ ಅಲ್ಲಿಂದಲೇ ಶುರು. 1932ರಲ್ಲಿ ಸಸೂನ್ ಎಬ್ಬಿಸಿದ ಎಂಬ್ಯಾಂಕ್‌ಮೆಂಟ್ ಹೌಸ್ ಆ ಕಾಲಕ್ಕೆ ಏಷ್ಯಾದ ಅತಿ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಒಂದು.

ಆ ಮನೆಗಳ ಒಳಗೆ ಬಾಳುವುದು ಹೇಗಿತ್ತೆಂದು ತಿಳಿಯಬೇಕಾದರೆ ಐಲೀನ್ ಚಾಂಗ್ ಅವರನ್ನು ಕೇಳಬೇಕು. 1920ರಲ್ಲಿ ಹುಟ್ಟಿದ ಈ ಕತೆಗಾರ್ತಿಯ ಬಾಲ್ಯ ಎರಡು ಮನೆಗಳ ನಡುವೆ ಹಂಚಿಹೋಗಿತ್ತು. ಅಪ್ಪನ ಮನೆಯಲ್ಲಿ ಹಳೆಯ ಸಾಮಾನು, ಅಫೀಮಿನ ಮಬ್ಬು; ಯುರೋಪಿಗೆ ಹೋಗಿ ಬಂದ ಅಮ್ಮನದು ಅಪಾರ್ಟ್‌ಮೆಂಟು. ಅಮ್ಮನ ಮನೆಗೆ ಮೊದಲ ಸಲ ಹೋದಾಗ ಹುಡುಗಿಯ ಮನಸ್ಸಿಗೆ ಹಿತವೆನಿಸಿದ್ದು ಪಿಯಾನೊ, ಚಿತ್ರಪಟಗಳಲ್ಲ; ನೆಲಕ್ಕೇ ಬೇರು ಬಿಟ್ಟಂತೆ ಕೂತಿದ್ದ ಸ್ನಾನದ ತೊಟ್ಟಿ ಮತ್ತು ಗ್ಯಾಸಿನ ಒಲೆ. ಮುಂದೆ ತಾವೇ ಸೋದರತ್ತೆಯ ಜೊತೆ ಎಡಿಂಗ್ಟನ್ ಹೌಸ್ ಎಂಬ, 1936ರಲ್ಲಿ ಕಟ್ಟಿದ ಆರ್ಟ್ ಡೆಕೊ ಅಪಾರ್ಟ್‌ಮೆಂಟಿನಲ್ಲಿ ವಾಸಿಸಿದಾಗ ಚಾಂಗ್ 1943ರಲ್ಲಿ ಅಪಾರ್ಟ್‌ಮೆಂಟ್ ಬದುಕಿನ ಬಗ್ಗೆಯೇ ಒಂದು ಲಲಿತ ಪ್ರಬಂಧ ಬರೆದರು. ಯುದ್ಧದಿಂದ ಕಲ್ಲಿದ್ದಲು ತುಟ್ಟಿಯಾಗಿ ಬಿಸಿನೀರಿನ ವ್ಯವಸ್ಥೆ ಕೆಟ್ಟಿತ್ತು. ಮರೆತು ಬಿಸಿನೀರಿನ ನಲ್ಲಿ ತಿರುಗಿಸಿದರೆ ನೀರಿನ ಬದಲು ಪಾತಾಳದಿಂದ ಗುಡುಗಿದಂಥ ಸದ್ದು ಮಾತ್ರ ಬರುತ್ತಿತ್ತಂತೆ. ಬೀದಿಯ ಟ್ರಾಮ್ ಸದ್ದು ಕೇಳದಿದ್ದರೆ ನಿದ್ದೆ ಬಾರದು ಎಂದೂ ಬರೆದಿದ್ದಾರೆ. ಪಶ್ಚಿಮದ ಪೆಟ್ಟಿಗೆಯೊಳಗೆ ಚೀನೀ ಬದುಕು ಹೇಗೆ ಹದಗೊಂಡಿತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ದಾಖಲೆ ಸಿಗುವುದು ಕಷ್ಟ. ಅದರಲ್ಲಿ ಪರದೆಯ ಬಣ್ಣದ ಚರ್ಚೆಗಿಂತ ಲಿಫ್ಟ್ ನಡೆಸುವವನ ಸುದ್ದಿಯೇ ಹೆಚ್ಚು.

1949ರ ಕಮ್ಯುನಿಸ್ಟ್ ಕ್ರಾಂತಿಯ ನಂತರ ಶಿಕುಮೆನ್ ಓಣಿಮನೆಗಳೆಲ್ಲ ವಠಾರಗಳಾದವು. ಒಂದು ಕುಟುಂಬದ ಓಣಿಮನೆಗೆ ಐದು, ಆರು, ಎಂಟು ಕುಟುಂಬಗಳು ಬಂದವು. ಪಡಸಾಲೆಗೆ ಒಂದು, ಅರ್ಧ ಮಹಡಿಯ ಕೋಣೆಗೆ ಒಂದು, ಅಟ್ಟಕ್ಕೆ ಇನ್ನೊಂದು. ಅಡುಗೆಮನೆ ಮಾತ್ರ ಎಲ್ಲರಿಗೂ ಸೇರಿ ಒಂದೇ. ಅದರ ಸೂರಿನಿಂದ ಬಲ್ಬುಗಳ ಗೊಂಚಲು ಇಳಿಬಿದ್ದಿರುತ್ತಿತ್ತು. ಮನೆಗೊಂದು ಬಲ್ಬು, ಅದರ ಸ್ವಿಚ್ಚು ಅವರವರ ಕೋಣೆಯೊಳಗೆ, ಮೀಟರು ಬೇರೆ ಬೇರೆ. ಒಬ್ಬರ ಬಲ್ಬಿನ ಬೆಳಕಿನಲ್ಲಿ ಇನ್ನೊಬ್ಬರು ಸೊಪ್ಪು ಹೆಚ್ಚಿದರೆ ಗೊಣಗಾಟ. ಬಚ್ಚಲ ನಲ್ಲಿಗೆ ಬೀಗ ಹಾಕಿಕೊಂಡು ಹೋಗುವವರೂ ಇದ್ದರು. ಪಾಯಖಾನೆ ಇರಲೇ ಇಲ್ಲ. ಮುಚ್ಚಳವಿದ್ದ ಮರದ ಬಕೀಟು ಮಂಚದ ಬದಿಗೋ ಅಟ್ಟದ ಮೆಟ್ಟಿಲ ಕೆಳಗೋ ಇರುತ್ತಿತ್ತು. ಬೆಳಗಿನ ಜಾವ ಅದನ್ನು ಹೊತ್ತು ಓಣಿಯ ತುದಿಗೆ ಸುರಿದು, ಬಿದಿರಿನ ಕಡ್ಡಿಯ ಪೊರಕೆಯಿಂದ ಗಸಗಸ ಉಜ್ಜುವ ಸದ್ದೇ ಶಾಂಘೈಯ ಕೋಳಿಕೂಗು. ಈಚಿನ ವರ್ಷಗಳ ತನಕ ಈ ಬಕೀಟು ಪೂರ್ತಿ ಮರೆಯಾಗಿರಲಿಲ್ಲ. ಆ ಓಣಿಯ ಅಜ್ಜಿಗೆ ಪಶ್ಚಿಮದಿಂದ ನಿನಗೆ ಏನು ಬೇಕು ಎಂದು ಕೇಳಿದ್ದರೆ ರೋಮನ್ ಕಂಬ ಎನ್ನುತ್ತಿರಲಿಲ್ಲ.

ಕುರ್ಚಿಯ ಸಂಗತಿ ಇನ್ನೂ ಸ್ವಾರಸ್ಯದ್ದು. ಚೀನೀ ಒಳಾಂಗಣದ ಮುಕುಟಮಣಿಯೆಂದು ಎಲ್ಲರೂ ಹೊಗಳುವುದು ಮಿಂಗ್ ಕಾಲದ ಕುರ್ಚಿಗಳನ್ನು. ಆದರೆ ಚೀನೀಯರೂ ಶತಮಾನಗಳ ಕಾಲ ಚಾಪೆಯ ಮೇಲೆ, ನೆಲದ ಮೇಲೆ ಕೂತವರೇ. ಮಡಚುವ ಪೀಠ ವಾಯವ್ಯದ ಅಲೆಮಾರಿಗಳ ಕಡೆಯಿಂದ ಬಂತು. ಬೆನ್ನಿರುವ ಎತ್ತರದ ಆಸನ ಬೌದ್ಧ ಭಿಕ್ಷುಗಳ ಜೊತೆ, ಭಾರತ ಮತ್ತು ಮಧ್ಯ ಏಷ್ಯಾದ ದಾರಿಯಿಂದ ಬಂತು ಎನ್ನುತ್ತಾರೆ ಇತಿಹಾಸಕಾರರು. 10ನೇ ಶತಮಾನದ ಹೊತ್ತಿಗೆ, ಸೋಂಗ್ ಮನೆತನದ ಆಳ್ವಿಕೆಯಲ್ಲಿ, ಇಡೀ ಮನೆಯೇ ಮೇಲೆದ್ದು ನಿಂತಿತು: ಮೇಜು ಎತ್ತರವಾಯಿತು, ಊಟದ ಬಟ್ಟಲು ಮೇಲೇರಿತು, ಕಿಟಕಿಯೂ ಮೇಲಕ್ಕೆ ಸರಿಯಿತು. ನೆಲವನ್ನು ಬಿಡದ ನೆರೆಯ ಜಪಾನ್, ಕೊರಿಯಾಗಳು ಕೂತೇ ಇದ್ದವು. ನೆಲದ ಮೇಲೆ ಕೂತಿದ್ದ ನಮ್ಮವರ ಕಡೆಯಿಂದ ಹೋದ ಆಸನ ಚೀನಾದಲ್ಲಿ ಎದ್ದು ನಿಂತಿತೆಂಬುದು ಬೇರೆ ಸೋಜಿಗ.

ಆಮೇಲೆ ಅದೇ ಕುರ್ಚಿ ಪಶ್ಚಿಮಕ್ಕೆ ಹೊರಟಿತು. ಡೆನ್ಮಾರ್ಕಿನ ಬಡಗಿ, ವಿನ್ಯಾಸಕಾರ ಹಾನ್ಸ್ ವೆಗ್ನರ್ ಮಿಂಗ್ ಕುರ್ಚಿಗಳ ಚಿತ್ರಗಳನ್ನು ನೋಡಿ 1944ರಲ್ಲಿ ‘ಚೈನಾ ಚೇರ್’ ರೂಪಿಸಿದ. ಅದನ್ನೇ ಸೋಸುತ್ತಾ ಸೋಸುತ್ತಾ 1949ರಲ್ಲಿ ‘ವಿಶ್‌ಬೋನ್’ ಕುರ್ಚಿಗೆ ಬಂದು ಮುಟ್ಟಿದ. ಮರುವರ್ಷ ಅದು ಮಾರಾಟಕ್ಕೆ ಬಂತು, ಇಂದಿಗೂ ನಿಂತಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಮಿಂಗ್ ಕುರ್ಚಿಯ ಬೆನ್ನಿನಿಂದ ತೋಳಿನವರೆಗೆ ಒಂದೇ ಎಳೆಯಾಗಿ ಹರಿಯುವ ದುಂಡು ಕಟ್ಟು ನಿಜಕ್ಕೂ ಒಂದೇ ತುಂಡಲ್ಲ. ಆ ಗಟ್ಟಿ ಮರವನ್ನು ಬಗ್ಗಿಸಲಾಗದು. ಹಾಗಾಗಿ ಮೂರೋ ಐದೋ ತುಂಡುಗಳನ್ನು ಬಾಗಿದಂತೆ ಕೆತ್ತಿ, ಒಂದರ ತುದಿಯನ್ನು ಇನ್ನೊಂದರ ತುದಿಗೆ ಕೈ ಕೈ ಹಿಡಿದಂತೆ ಸಿಕ್ಕಿಸಿ, ನಡುವೆ ಒಂದು ಸಣ್ಣ ಬೆಣೆ ಬಡಿಯುತ್ತಾರೆ. ಮೊಳೆ ಇಲ್ಲ, ಬೆರಳಾಡಿಸಿದರೆ ಸಂದು ತಿಳಿಯುವುದಿಲ್ಲ. ವೆಗ್ನರನ ವಿಶ್‌ಬೋನಿನಲ್ಲಿ ಅದೇ ದುಂಡನ್ನು ಹಬೆಯಲ್ಲಿ ಬೇಯಿಸಿ ಬಗ್ಗಿಸಿದ ಒಂದೇ ಮರ ಮಾಡುತ್ತದೆ. ಕೂರುವ ಜಾಗಕ್ಕೆ ಸುಮಾರು 120 ಮೀಟರ್ ಕಾಗದದ ಹುರಿಯನ್ನು ಕೈಯಲ್ಲಿ ಹೆಣೆಯುತ್ತಾರೆ. ಅಲಂಕಾರದಲ್ಲಿ ಚೀನಾದ ಒಂದು ಗುರುತೂ ಇಲ್ಲ, ಡ್ರ್ಯಾಗನ್ ಇಲ್ಲ, ಮೋಡವಿಲ್ಲ. ಬೆನ್ನಿಗೆ ಆನಿಸಿದಾಗ ಮಾತ್ರ ಅದು ಎಲ್ಲಿಯ ಕುರ್ಚಿ ಎಂಬುದು ಗೊತ್ತಾಗುತ್ತದೆ.

ಅದೇ 1944ರಲ್ಲಿ, ಜಪಾನೀ ಸೈನ್ಯದ ಹಿಡಿತದಲ್ಲಿದ್ದ ಬೀಜಿಂಗಿನಲ್ಲಿ, ಗುಸ್ತಾವ್ ಎಕ್ಕೆ ಎಂಬ ಜರ್ಮನ್ ವಿದ್ವಾಂಸ ಚೀನೀ ಗೃಹ ಪೀಠೋಪಕರಣಗಳ ಮೇಲೆ ಅಳತೆ ಚಿತ್ರಗಳ ಸಮೇತ ಒಂದು ಪುಸ್ತಕ ತಂದ. ಅಚ್ಚಾದದ್ದು ಬರೀ 200 ಪ್ರತಿ. ಜಗತ್ತು ಮಿಂಗ್ ಕುರ್ಚಿಯನ್ನು ಗಂಭೀರವಾಗಿ ನೋಡಲು ಶುರುಮಾಡಿದ್ದು ಅಲ್ಲಿಂದ. ಆ ಕೆಲಸವನ್ನು ಚೀನೀ ಭಾಷೆಯಲ್ಲಿ ಪೂರ್ಣಗೊಳಿಸಿದವರು ವಾಂಗ್ ಶಿಶಿಯಾಂಗ್. ಸೈಕಲ್ ಹಿಂದೆ ಕಟ್ಟಿಕೊಂಡು ಹಳೆಯ ಕುರ್ಚಿ, ಕಪಾಟುಗಳನ್ನು ಮನೆಗೆ ಸಾಗಿಸುತ್ತಿದ್ದ ಈ ಮನುಷ್ಯನ ಬೀಜಿಂಗ್ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. 1976ರ ತಾಂಗ್‌ಶಾನ್ ಭೂಕಂಪದ ಭಯದಲ್ಲಿ ಊರೆಲ್ಲ ಬೀದಿಯಲ್ಲಿ ಮಲಗಿದಾಗ ವಾಂಗ್ ದಂಪತಿ ಮಿಂಗ್ ಕಾಲದ ಒಂದು ದೊಡ್ಡ ಕಪಾಟಿನ ಅಡ್ಡಹಲಗೆ ತೆಗೆದು ಅದರೊಳಗೇ ಹಾಸಿಗೆ ಹಾಸಿಕೊಂಡರು. ಸೂರು ಕುಸಿದರೂ 400 ವರ್ಷ ನಿಂತ ಕಪಾಟು ಕುಸಿಯದೆಂಬ ನಂಬಿಕೆ! 1985ರಲ್ಲಿ ಅವರ ಗ್ರಂಥ ಬಂತು. ಅವರ ಸಂಗ್ರಹದ 79 ಸಾಮಾನುಗಳು ಈಗ ಶಾಂಘೈ ವಸ್ತುಸಂಗ್ರಹಾಲಯದಲ್ಲಿವೆ, ಮುಟ್ಟುವಂತಿಲ್ಲ, ಕೂರುವಂತೆ ಮೊದಲೇ ಇಲ್ಲ.

ಯುರೋಪಿನ ಕಡೆಯ ವೇಷಗಾರಿಕೆಯನ್ನೂ ಬಿಟ್ಟುಬಿಡುವಂತಿಲ್ಲ. 18ನೇ ಶತಮಾನದ ಇಂಗ್ಲಿಷ್ ಬಂಗಲೆಗಳ ಗೋಡೆಗೆ ಅಂಟಿಸಿದ ಹೂಬಳ್ಳಿ, ಹಕ್ಕಿಗಳ ಚೀನೀ ಕಾಗದವನ್ನು ಕ್ಯಾಂಟನ್ನಿನ ಚಿತ್ರಕಾರರು ರಫ್ತಿಗೆಂದೇ ಬರೆಯುತ್ತಿದ್ದರು. ತಮ್ಮ ಮನೆಗೆ ಸಾದಾ ಕಾಗದವೇ ಸಾಕೆನ್ನುತ್ತಿದ್ದರು. ಇನ್ನು ‘ಕೋರಮಂಡಲ’ ತಡಿಕೆಗಳು. ಮರದ ಹಾಲಿನ ಲ್ಯಾಕರನ್ನು ಪದರ ಪದರವಾಗಿ ಬಳಿದು, ಕೆತ್ತಿ, ಬಣ್ಣ ತುಂಬಿದ ಈ ಮಡಚು ತಡಿಕೆಗಳು ಹುಟ್ಟಿದ್ದು ಚೀನಾದಲ್ಲಿ. ಹಡಗುಗಳು ನಮ್ಮ ಪೂರ್ವ ಕರಾವಳಿಯಲ್ಲಿ ಸರಕು ಬದಲಿಸಿ ಯುರೋಪಿಗೆ ಹೋದದ್ದರಿಂದ ಹೆಸರು ಮಾತ್ರ ನಮ್ಮ ತೀರದ್ದು. ಪ್ಯಾರಿಸ್ಸಿನ ಕೊಂಬೊ ಬೀದಿಯ 31ನೇ ನಂಬರಿನ ಅಪಾರ್ಟ್‌ಮೆಂಟಿನಲ್ಲಿ ಫ್ಯಾಷನ್ ವಿನ್ಯಾಸಕಾರ್ತಿ ಕೊಕೊ ಶನೆಲ್ ಇವನ್ನು ಗೋಡೆಗೆ ಹೊದಿಸಿ ಇಟ್ಟುಕೊಂಡಿದ್ದಳು. ಬಾಗಿಲು ಕಂಡರೆ ಅತಿಥಿಗಳಿಗೆ ಹೊರಡುವ ನೆನಪಾಗುತ್ತದೆಂದು ಬಾಗಿಲುಗಳಿಗೂ ಅವನ್ನೇ ಮರೆಮಾಡಿದಳು ಎಂಬ ಮಾತಿದೆ. ಅಪಚಾರ ಎನ್ನುವವರು ಎನ್ನಲಿ. ತಡಿಕೆ ಇರುವುದೇ ಮರೆಮಾಡಲು. ಗಾಜಿನ ಪೆಟ್ಟಿಗೆಯಲ್ಲಿಟ್ಟು ದೀಪ ಬಿಡುವುದಕ್ಕಿಂತ ಶನೆಲ್ ಮಾಡಿದ್ದೇ ತಡಿಕೆಗೆ ಸಲ್ಲಿಸಿದ ಮರ್ಯಾದೆ.

ಚೀನಾದಲ್ಲಿ ಸ್ವಂತ ಮನೆಯ ಹುಚ್ಚು ಹಿಡಿಸಿದ್ದು 1998. ಕಚೇರಿಗಳು ನೌಕರರಿಗೆ ಮನೆ ಹಂಚುವ ಪದ್ಧತಿಯನ್ನು ಸರ್ಕಾರ ಆ ವರ್ಷ ನಿಲ್ಲಿಸಿತು. ಮನೆ ಬೇಕಾದವರು ಕೊಳ್ಳಬೇಕು. ಕೊಂಡದ್ದು ಬರೀ ಕಾಂಕ್ರೀಟ್ ಡಬ್ಬ. ಗಾರೆ ಇಲ್ಲ, ಟೈಲ್ಸ್ ಇಲ್ಲ, ನಲ್ಲಿ ಇಲ್ಲ, ಗೋಡೆಯಿಂದ ಒಂದೆರಡು ತಂತಿ ಇಣುಕುತ್ತಿರುತ್ತಿತ್ತು. ಅಲ್ಲಿಂದ ಮುಂದಿನದೆಲ್ಲ ಕೊಂಡವನ ಅಭಿರುಚಿ, ಕೊಂಡವನ ಸಾಲ. ಒಂದು ಇಡೀ ತಲೆಮಾರು ಏಕಕಾಲಕ್ಕೆ ಒಳಾಂಗಣ ವಿನ್ಯಾಸಕಾರರಾದದ್ದು ಹಾಗೆ. ಅದೇ ವರ್ಷ ಸ್ವೀಡನ್ನಿನ ಪೀಠೋಪಕರಣ ಮಳಿಗೆ ಐಕಿಯಾ ಶಾಂಘೈಯಲ್ಲಿ ಬಾಗಿಲು ತೆರೆಯಿತು. ಜನ ನೋಡಲು ಬಂದರು, ಪ್ರದರ್ಶನದ ಮಂಚಗಳ ಮೇಲೆ ಚಪ್ಪಲಿ ಬಿಟ್ಟು ಗಡದ್ದಾಗಿ ನಿದ್ದೆ ಹೊಡೆದರು, ಕ್ಯಾಂಟೀನಿನಲ್ಲಿ ವಯಸ್ಸಾದವರು ಎರಡನೇ ಮದುವೆಗೆ ಜೋಡಿ ಹುಡುಕಿದರು.

ಮೊದಲ ಅಲೆ ‘ಯುರೋಪಿಯನ್ ಶೈಲಿ’. 90 ಚದರ ಮೀಟರಿನ ಫ್ಲ್ಯಾಟಿನಲ್ಲಿ ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ರೋಮನ್ ಕಂಬ, ತಲೆಗೆ ತಾಗುವ ಸ್ಫಟಿಕದ ಗೊಂಚಲು ದೀಪ, ಬಂಗಾರದ ಬಣ್ಣದ ಸೋಫಾ ಕಾಲು. ಹೊರಗೂ ಅದೇ ಅಬ್ಬರ. ಶಾಂಘೈ ಪಕ್ಕದ ಸೋಂಗ್‌ಜಿಯಾಂಗಿನಲ್ಲಿ 2006ರಲ್ಲಿ ‘ಥೇಮ್ಸ್ ಟೌನ್’ ಎಂಬ ಇಂಗ್ಲಿಷ್ ಹಳ್ಳಿಯೇ ಎದ್ದಿತು: ಕಲ್ಲು ಹಾಸಿದ ಬೀದಿ, ಕೆಂಪು ಟೆಲಿಫೋನ್ ಡಬ್ಬ, ಚರ್ಚು. ವಾಸಕ್ಕೆ ಜನ ಬರುವ ಮೊದಲೇ ಮದುವೆಯ ಫೋಟೊ ತೆಗೆಸಿಕೊಳ್ಳುವ ಜೋಡಿಗಳು ತುಂಬಿಕೊಂಡರು.

ಅದರ ಮಬ್ಬು ಇಳಿದ ಮೇಲೆ ‘ಹೊಸ ಚೀನೀ ಶೈಲಿ’ ಬಂತು. ದುಂಡು ಚಂದ್ರದ್ವಾರ, ಮರದ ಜಾಲರಿ, ಬೂದು ಗೋಡೆ, ಒಣಗಿದ ತಾವರೆ ಕಾಯಿ. ಇದೂ ವೇಷವೇ, ಈ ಸಲ ಅಜ್ಜನ ಪೆಟ್ಟಿಗೆಯಿಂದ ತೆಗೆದದ್ದು. ಇದರ ಬೆಲೆಯ ಒಂದು ಪಾಲು ತೆತ್ತದ್ದು ನಮ್ಮ ಕಾಡು. ಚೀನೀ ಅರಮನೆಗಳ ಅಚ್ಚುಮೆಚ್ಚಿನ ‘ಜಿತಾನ್’ ಮರವೆಂದು ಅಲ್ಲಿಯ ರಾಷ್ಟ್ರೀಯ ಮಾನದಂಡ ಹೆಸರಿಸುವುದು ರಕ್ತಚಂದನವನ್ನು. ಅದು ಸಹಜವಾಗಿ ಬೆಳೆಯುವುದು ಪೂರ್ವಘಟ್ಟಗಳಲ್ಲಿ, ಮುಖ್ಯವಾಗಿ ತಿರುಪತಿಯ ಸುತ್ತಣ ಶೇಷಾಚಲದ ಸಾಲಿನಲ್ಲಿ. ಕಳ್ಳಸಾಗಣೆಯ ಲಾರಿ ಸಿಕ್ಕಿಬಿದ್ದ ಸುದ್ದಿ ಓದುವಾಗ ಕನ್ನಡದ ಓದುಗರು ಕಾಡುಗಳ್ಳರನ್ನು ಕಾಣುತ್ತಾರೆ. ಆ ದಿಮ್ಮಿಯ ಇನ್ನೊಂದು ತುದಿಯಲ್ಲಿ ಯಾವುದೋ ಬಹುಮಹಡಿಯ ಟೀ ಮೇಜು ಇರುವುದು ಕಾಣುವುದಿಲ್ಲ. ಈ ಮರಕ್ಕೆ ಹಗುರವಾದ ಉತ್ತರವೂ ಒಂದಿದೆ. ಫ್ರಾನ್ಸಿನ ಎರ್ಮೆಸ್ ಕಂಪನಿಯ ಜೊತೆಗೂಡಿ ವಿನ್ಯಾಸಕಾರ್ತಿ ಜಿಯಾಂಗ್ ಚಿಯೊಂಗ್-ಅರ್ ಕಟ್ಟಿದ ಶಾಂಘೈಯ ಶಾಂಗ್ ಶಿಯಾ ಸಂಸ್ಥೆ ಮಿಂಗ್ ಕುರ್ಚಿಯ ಗೆರೆಗಳನ್ನು ಕಾರ್ಬನ್ ಫೈಬರಿನಲ್ಲಿ ಎಳೆದಿದೆ. ಒಂದು ಕೈಯಲ್ಲಿ ಎತ್ತಬಹುದು. ಬೆಲೆಯನ್ನು ಮಾತ್ರ ಎತ್ತಲಾಗದು.

ಈ ಎರಡು ಅಲೆಗಳ ಗದ್ದಲದ ನಡುವೆ ಅಡುಗೆಮನೆ ತನ್ನಷ್ಟಕ್ಕೆ ಒಂದು ತೀರ್ಮಾನಕ್ಕೆ ಬಂತು. ಹಾಲಿಗೆ ತೆರೆದುಕೊಂಡ ಪಶ್ಚಿಮದ ಅಡುಗೆಮನೆ ಎಲ್ಲರಿಗೂ ಇಷ್ಟ. ಆದರೆ ಚೀನೀ ಬಾಣಲೆಯಲ್ಲಿ ಎಣ್ಣೆ ಹೊಗೆಯೇಳುವ ತನಕ ಕಾಯಬೇಕು, ದೊಡ್ಡ ಉರಿಯಲ್ಲಿ ಮೆಣಸಿನಕಾಯಿ, ಬೆಳ್ಳುಳ್ಳಿ ಚುರ್ರೆನ್ನಬೇಕು. ಆ ಜಿಡ್ಡು ಹೊಗೆ ಒಂದೇ ವಾರದಲ್ಲಿ ಸೋಫಾದ ಮೇಲೆ ಅಂಟಂಟಾಗಿ ಕೂರುತ್ತದೆ. ಹಾಗಾಗಿ ಸ್ಥಿತಿವಂತರ ಫ್ಲ್ಯಾಟಿನಲ್ಲಿ ಈಗ ಎರಡು ಅಡುಗೆಮನೆ. ಹೊರಗಿನದು ‘ಪಶ್ಚಿಮದ’ ಅಡುಗೆಮನೆ: ಕಟ್ಟೆ, ಎತ್ತರದ ಸ್ಟೂಲು, ಕಾಫಿ ಯಂತ್ರ, ಓವನ್ನು. ಒಳಗಿನದು ‘ಚೀನೀ’ ಅಡುಗೆಮನೆ: ಗ್ಯಾಸಿನ ದೊಡ್ಡ ಒಲೆ, ಹೊಗೆ ಹೀರುವ ಚಿಮಣಿ, ಮುಚ್ಚಲು ಗಾಜಿನ ಸರಿಯುವ ಬಾಗಿಲು. ಜಾಗ ಸಾಲದವರು ಒಂದೇ ಅಡುಗೆಮನೆಗೆ ಆ ಗಾಜಿನ ಬಾಗಿಲು ಹಾಕಿಸಿ, ಟೀ ಮಾಡುವಾಗ ತೆರೆದು, ಒಗ್ಗರಣೆಗೆ ಮುಚ್ಚುತ್ತಾರೆ. ಇಷ್ಟು ಜಾಣ ಬೆರಕೆಯನ್ನು ಯಾವ ಶೈಲಿಯ ಹೆಸರಿನಲ್ಲೂ ಮಾರುವುದಿಲ್ಲ.

ಊಟದ ಮೇಜಿನ ಮೇಲೆ ತಿರುಗುವ ಗಾಜಿನ ತಟ್ಟೆಯನ್ನು ಜನ ಅಪ್ಪಟ ಚೀನೀ ಎಂದುಕೊಳ್ಳುತ್ತಾರೆ, ಆದರೆ ಅದೂ ಬೆರಕೆಯೇ. 1910–11ರಲ್ಲಿ ಮಂಚೂರಿಯಾದ ಪ್ಲೇಗನ್ನು ತಡೆದ ವೂ ಲಿಯೆನ್-ತೆ, ಪೆನಾಂಗಿನಲ್ಲಿ ಹುಟ್ಟಿ ಕೇಂಬ್ರಿಜಿನಲ್ಲಿ ಓದಿದ ವೈದ್ಯ, ಎಲ್ಲರೂ ಒಂದೇ ಬಟ್ಟಲಿಗೆ ಚಾಪ್‌ಸ್ಟಿಕ್ ಅದ್ದುವುದನ್ನು ಕಂಡು ಕಂಗಾಲಾಗಿ 1915ರಲ್ಲಿ ಪ್ರತ್ಯೇಕ ಚಮಚಗಳ ಸಮೇತ ತಿರುಗುವ ತಟ್ಟೆಯೊಂದನ್ನು ಪ್ರಚಾರ ಮಾಡಿದ. ಅದು ಮನೆಮಾತಾದದ್ದು ಬಹಳ ತಡವಾಗಿ, 1950ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಚೀನೀ ಹೋಟೆಲುಗಳಲ್ಲಿ.

ಗಾಳಿ–ನೀರಿನ ಶಾಸ್ತ್ರ, ಅಂದರೆ ಫೆಂಗ್ ಶುಯಿ, ಒಳಾಂಗಣದಲ್ಲಿ ಇಂದಿಗೂ ತನ್ನ ಕುರ್ಚಿ ಬಿಟ್ಟಿಲ್ಲ. ಬಾಗಿಲು ತೆರೆದ ತಕ್ಷಣ ಇಡೀ ಮನೆ ಕಾಣಬಾರದು, ಮಂಚಕ್ಕೆ ಎದುರಾಗಿ ಕನ್ನಡಿ ಇರಬಾರದು, ತಲೆಯ ಮೇಲೆ ತೊಲೆ ಹಾಯಬಾರದು. ಮೊದಲನೆಯದು ಚಪ್ಪಲಿ ಗೂಡು ಇಡಲು ಜಾಗ ಕೊಟ್ಟದ್ದರಿಂದ ಶಾಸ್ತ್ರ ನಂಬದವರಿಗೂ ಒಪ್ಪಿಗೆಯಾಗಿದೆ. ಶುಭಸಂಖ್ಯೆಯ ವಿಷಯದಲ್ಲಿ ಹಾಂಗ್‌ಕಾಂಗ್ ಎಲ್ಲರನ್ನೂ ಮೀರಿಸಿತು. 2009ರಲ್ಲಿ ಕಾಂಡ್ಯುಟ್ ರಸ್ತೆಯ 39ನೇ ನಂಬರಿನ 46 ಮಹಡಿಯ ಕಟ್ಟಡಕ್ಕೆ ಬಿಲ್ಡರು ಕೊಟ್ಟ ಕೊನೆಯ ಮಹಡಿಯ ಸಂಖ್ಯೆ 88. ಅದೇ ಊರಿನ ಸಾಯ್ ವಾನ್ ಹೋದಲ್ಲಿ ವಾಸ್ತುಶಿಲ್ಪಿ ಗ್ಯಾರಿ ಚಾಂಗ್ 32 ಚದರ ಮೀಟರಿನ ಫ್ಲ್ಯಾಟಿನಲ್ಲಿ ಹದಿಹರೆಯದಿಂದಲೂ ಇದ್ದಾನೆ. ಮೊದಲು ಅಪ್ಪ, ಅಮ್ಮ, ಮೂವರು ತಂಗಿಯರು ಎಲ್ಲರೂ ಅಲ್ಲೇ. ಒಬ್ಬನೇ ಉಳಿದ ಮೇಲೆ ಸೂರಿನ ಹಳಿಗಳಿಂದ ತೂಗಿದ ಗೋಡೆಗಳನ್ನು ಅತ್ತಿತ್ತ ಸರಿಸುತ್ತಾ ಒಂದೇ ಕೋಣೆಯನ್ನು 24 ಬಗೆಯಲ್ಲಿ ಬಳಸುವಂತೆ ಮಾಡಿಕೊಂಡ. ಟಿವಿ ಇರುವ ಗೋಡೆ ಸರಿಸಿದರೆ ಸಿ.ಡಿ. ಕಪಾಟು, ಅದನ್ನು ಸರಿಸಿದರೆ ಸ್ನಾನದ ತೊಟ್ಟಿ, ತೊಟ್ಟಿಯ ಮೇಲೆ ಮಡಚಿ ಇಳಿಸುವ ಮಂಚ. ತಡಿಕೆಯ ಜಾಗ ತುಂಬುವ ಕೆಲಸವನ್ನು ಉಕ್ಕಿನ ಹಳಿ ಮಾಡುತ್ತಿದೆ. ಚೀನೀ ಲಾಂಛನ ಒಂದೂ ಇಲ್ಲ.

ಬಚ್ಚಲಿನ ಕತೆಗೂ ಒಂದು ಉತ್ತರಾರ್ಧವಿದೆ. ಮರದ ಬಕೀಟಿನಿಂದ ಕಮೋಡಿಗೆ ಬಂದವರು ಅಲ್ಲಿಗೇ ನಿಲ್ಲಲಿಲ್ಲ. 2015ರ ಜನವರಿಯಲ್ಲಿ ಹಣಕಾಸು ವಿಷಯಗಳ ಬರಹಗಾರ ವೂ ಶಿಯಾವ್‌ಬೊ ಬರೆದ ಒಂದು ಲೇಖನ ಚೀನಾದಲ್ಲಿ ಕೋಲಾಹಲ ಎಬ್ಬಿಸಿತು. ಜಪಾನಿಗೆ ಪ್ರವಾಸ ಹೋದ ಮಧ್ಯಮ ವರ್ಗದವರು ಬಿಸಿಯಾಗುವ, ನೀರು ಚಿಮ್ಮಿಸುವ ಎಲೆಕ್ಟ್ರಾನಿಕ್ ಕಮೋಡ್ ಮುಚ್ಚಳಗಳನ್ನು ಮುಗಿಬಿದ್ದು ಕೊಂಡು, ವಿಮಾನದಲ್ಲಿ ಹೊತ್ತು ತರುತ್ತಿದ್ದರು. ಆ ಮುಚ್ಚಳದ ಪೂರ್ವಜ ಅಮೆರಿಕದ್ದು, ರೋಗಿಗಳಿಗೆಂದು ಮಾಡಿದ್ದು. ಜಪಾನೀಯರು ಅದನ್ನು ತಿದ್ದಿ ತೀಡಿ 1980ರ ನಂತರ ಮನೆಮನೆಗೆ ತಲುಪಿಸಿದ್ದರು. ‘ನಮ್ಮ ಕಾರ್ಖಾನೆಗಳಿಗೆ ಇಷ್ಟೂ ಮಾಡಲಾಗದೆ?’ ಎಂದು ಚೀನಾ ದೇಶವೆಲ್ಲ ಚರ್ಚೆ ನಡೆಸಿತು. ಸ್ವಲ್ಪ ದಿನದಲ್ಲೇ ಪತ್ರಕರ್ತರು ಒಂದು ಸಂಗತಿ ಬಯಲಿಗೆಳೆದರು: ಹೊತ್ತು ತಂದ ಮುಚ್ಚಳಗಳಲ್ಲಿ ಕೆಲವು ತಯಾರಾದದ್ದು ಶಾಂಘೈಯಿಂದ ರೈಲಿನಲ್ಲಿ ಒಂದು ಗಂಟೆಯ ದಾರಿಯಿರುವ ಹಾಂಗ್‌ಜೌನಲ್ಲಿ. ಲೇಖನ ಬರೆದವರ ಮನೆ ಇರುವುದೂ ಅದೇ ಊರಿನಲ್ಲಿ.